ಒಣದ್ರಾಕ್ಷಿಯಲ್ಲಿ ಅಳೆದ ಮಚ್ಚೆ

ಎಡ ಮುಂಗೈ ಮೇಲಿನ ಬಿಳಿ ಮಚ್ಚೆ ಹಬ್ಬುತ್ತಿದೆಯೇ ಎಂದು ನಾನು ಒಣದ್ರಾಕ್ಷಿಯಿಂದ ಅಳೆಯುತ್ತಿದ್ದೆ. ತಿಕೋಟಾದಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ಡು ನಡೆಸುವವನಿಗೆ ಅಳತೆಪಟ್ಟಿಗಿಂತ ಅದೇ ಕೈಗೆ ಹತ್ತಿರ. ಪ್ರತಿ ಸೋಮವಾರ ಮಚ್ಚೆ ಮುಚ್ಚುವಂತೆ ಒಂದೊಂದೇ ಕಾಳು ಹೊಂದಿಸಿ ಎಣಿಸುವುದು. ಒಂದು ವಾರ ಹನ್ನೊಂದಕ್ಕೆ ಇಳಿಯಿತು. ಹಿಗ್ಗಿನಲ್ಲಿ ಶೆಡ್ಡಿಗೆಲ್ಲ ಚಹಾ ತರಿಸಿದೆ. ಮರುವಾರ ಇಪ್ಪತ್ತಮೂರು. ಊಟ ಸೇರಲಿಲ್ಲ.

"ಅಲ್ರಿ ಯಪ್ಪಾ, ಹೋದ ವಾರ ಉದ್ದ ಕಾಳು ಇಟ್ಟಿದ್ರಿ, ಈಗ ದುಂಡಂದು ಇಟ್ಟೀರಿ. ಮಚ್ಚಿ ಅಲ್ಲೇ ಐತಿ, ಮಾಲ ಬದ್ಲಾಗೇತಿ" ಎಂದಳು ಕಾಳು ಆರಿಸುವ ಮುದುಕಿ.

ವಾರಕ್ಕೆರಡು ಸಲ ಬಸ್ಸು ಹತ್ತಿ ವಿಜಯಪುರದ ಚರ್ಮದ ಆಸ್ಪತ್ರೆಗೆ ಹೋಗಿ, ನೀಲಿ ದೀಪದ ಪೆಟ್ಟಿಗೆಯಲ್ಲಿ ಕೈಯಿಟ್ಟು ಬರುತ್ತಿದ್ದೆ. ಮನೆಯಲ್ಲಿ ಮುಲಾಮು. ಬಬಲೇಶ್ವರದ ಸೋದರಮಾವ, ಬಿಳಿಯದು ತಿಂದರೆ ಬಿಳಿ ಹಬ್ಬುತ್ತದೆಂದು ಮೊಸರು ಬಿಡಿಸಿದ್ದ. ನಾನು ಸ್ವಂತ ಬುದ್ಧಿಯಿಂದ ಮೂಲಂಗಿಯನ್ನೂ ಬಿಟ್ಟೆ. ಡಾಕ್ಟರು ನೋಡುತ್ತಿದ್ದುದು ಮೂರು ತಿಂಗಳಿಗೊಮ್ಮೆ. ಆರು ತಿಂಗಳಲ್ಲಿ ಬಣ್ಣ ಮರಳದಿದ್ದರೆ ದೀಪ ನಿಲ್ಲಿಸೋಣ ಎಂದಿದ್ದರು. ಆ ದಿನ ಬರುವಷ್ಟರಲ್ಲಿ, ನನ್ನ ಚಿಂತೆಯಲ್ಲಿ ಮಚ್ಚೆ ಮುಖ ದಾಟಿ ಮನೆಯ ಗೋಡೆಗೂ ಹಬ್ಬಿತ್ತು.

ಡಾಕ್ಟರು ಭೂತಗನ್ನಡಿ ಹಿಡಿದು ಬಗ್ಗಿದರು. "ಯಾಕ್ರಿ, ತರಚಿದಂಗ ಆಗೇತಿ?"

"ನಡುವ ಕಂದು ಚುಕ್ಕಿ ಅಂಟ್ಯಾವ್ರಿ ಸಾಹೇಬ್ರ. ದ್ರಾಕ್ಷಿ ಅಂಟು. ಹೊಲಸ ಕೈ ತೋರ್ಸಬಾರ್ದಂತ, ಬರೂ ಮುಂದ ತೆಂಗಿನ ನಾರ ಹಚ್ಚಿ ತಿಕ್ಕೊಂಡ ಬರ್ತೇನಿ. ಎರಡ ತಿಂಗಳಾತ್ರಿ, ಏನ್ ಮಾಡಿದ್ರೂ ಹೋಗವಲ್ಲವು."

"ಹೆಂಗ ಹೋಗ್ತಾವ್ರಿ? ಅದ ನಿಮ್ಮ ಬಣ್ಣ! ಕೂದಲ ಬುಡದಿಂದ ಈಗ ಹೊರಗ ಬರಾಕತ್ತೈತಿ, ನೀವು ಬಡದು ಓಡಸಾಕತ್ತೀರಿ. ಹಿಂಗ ತಿಕ್ಕಿದ್ರ ಮಚ್ಚಿ ಇನ್ನೂ ಹಬ್ಬಬಹುದು."

"ಹಂಗಾದ್ರ ದೀಪ ನಿಲ್ಲಸ್ತೀರೇನ್ರಿ?"

"ದೀಪ ನಡೀಲಿ. ನಾರ ನಿಲ್ಲಸ್ರಿ."

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಯಾರ ಚೀಲವೂ ತಾಗದಿರಲೆಂದು ಎಡಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಕಿಟಕಿ ಬದಿ ಬಿಸಿಲಿಗೆ ಕುಳಿತಿದ್ದ ಕನಮಡಿಯ ಅಜ್ಜ ಕೇಳಿದ, "ಕೈ ಮುರದೈತೇನೋ ತಮ್ಮಾ?"

ವರ್ಷದಿಂದ ಹೊರಗಿನವರಿಗೆಲ್ಲ "ಸುಟ್ಟ ಗಾಯ" ಎನ್ನುತ್ತಿದ್ದವನು ನಾನು. ಅಂದು ಬಾಯಿಗೆ ನಿಜವೇ ಬಂತು.

"ಇಲ್ರಿ ಅಜ್ಜಾರ, ತೊನ್ನು. ಈಗೀಗ ಬಣ್ಣ ಮೊಳಿಯಾಕತ್ತೈತಿ."

ಅಜ್ಜ ಚುಕ್ಕಿಗಳನ್ನು ಬಿತ್ತಿದ ಹೊಲ ನೋಡುವಂತೆ ನೋಡಿದ. ಆಮೇಲೆ ಎದ್ದು ನಿಂತ.

"ಬಾ, ಕಿಡಕಿ ಕಡೆ ಕೂಡ. ನೆಳ್ಳಾಗ ಯಾವ ಬೆಳಿ ಬರ್ತೈತೋ, ಹುಚ್ಚಾ!"