ಬಾಗಿಲು ‘ಹೂಂ’ ಅನ್ನಬೇಕು

ಕಾದ ಅಂಟು, ಆಗತಾನೇ ಕೀಸಿದ ಮರ, ಅದರ ಮೇಲೆ ತೆಳ್ಳಗೆ ಹರಡಿದ ಸೀಮೆಎಣ್ಣೆ. ಈ ಮೂರೂ ಕೂಡಿ ಮೂಗಿಗೆ ತಾಗಿದರೆ ಬಾಗಿಲಕ್ಕನಿಗೆ ಇವತ್ತಿಗೂ ಅಪ್ಪ ಬೆನ್ನ ಹಿಂದೆ ಬಂದು ನಿಂತ ಹಾಗಾಗುತ್ತದೆ. ಕಾರ್ಖಾನೆಯಲ್ಲಿ ಆ ವಾಸನೆ ಇಲ್ಲ. ಇಲ್ಲಿರುವುದು ಹೊಸ ರಬ್ಬರು, ಹೊಸ ಬಣ್ಣ, ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕು. ಆದರೂ ಬೆಳಗಿನ ಪಾಳಿಯ ಮೊದಲ ಪಿಕಪ್ ಗಾಡಿ ಮೆಲ್ಲಗೆ ತೆವಳಿಕೊಂಡು ಬಂದು ಎದುರಿಗೆ ನಿಂತಾಗ ಅವರು ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾರೆ. ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕುವ ಅಭ್ಯಾಸ.

ಕಿಟಕಿಗಳ ಆಚೆ ಇನ್ನೂ ಬೆಳಕು ಹರಿದಿಲ್ಲ. ಎತ್ತರದ ಚಾವಣಿಯಡಿ ಸಾಲುದೀಪಗಳು ಉರಿಯುತ್ತಿವೆ. ಬಿಳಿ ಗಾಡಿಗಳು ಒಂದರ ಬಾಲ ಒಂದು ಹಿಡಿದಂತೆ ಬರುತ್ತಿವೆ. ಈ ಸಾಲಿನ ಕಟ್ಟಕಡೆಯಲ್ಲಿ, ಗಾಡಿ ಹೊರಗಿನ ಅಂಗಳಕ್ಕೆ ಹೋಗುವ ಮೊದಲು, ಬಲಗಡೆ ನಿಲ್ಲುವವರು ಬಾಗಿಲಕ್ಕ. ತಲೆಗೆ ಬಟ್ಟೆಯ ಟೋಪಿ. ಬಣ್ಣಕ್ಕೆ ಗೀರು ಬೀಳಬಾರದೆಂದು ಕೈಯಲ್ಲಿ ಬಳೆಯಿಲ್ಲ, ಉಂಗುರವಿಲ್ಲ. ಸೊಂಟದ ಬೆಲ್ಟಿನ ಬಕಲ್ಲಿಗೂ ಒಂದು ಬಟ್ಟೆಯ ಕುಲಾವಿ. ಅದನ್ನು ಹೊಲಿದುಕೊಟ್ಟವರು ಅವರ ಗಂಡ, ವೃತ್ತಿಯಿಂದ ದರ್ಜಿ.

ಬಾಗಿಲಕ್ಕ ಮೊದಲು ಸಂದುಗಳ ಮೇಲೆ ಬೆರಳಾಡಿಸುತ್ತಾರೆ. ಬಾನೆಟ್ಟಿನ ಅಂಚು, ದೀಪದ ಸುತ್ತು, ಬಾಗಿಲಿನ ನಾಲ್ಕು ಬದಿ, ಸಾಮಾನು ಹೇರುವ ಕಡೆಯ ಹಿಂಬಾಗಿಲು. ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು, ಚೆನ್ನಾಗಿ ತೆಗೆದ ಬೈತಲೆಯ ಹಾಗೆ. ಆಮೇಲೆ ಚಾಲಕನ ಬಾಗಿಲನ್ನು ಸ್ವಲ್ಪ ತೆರೆದು, ಎರಡೇ ಬೆರಳಲ್ಲಿ ತಳ್ಳಿ ಬಿಟ್ಟುಬಿಡುತ್ತಾರೆ.

“ಬಾಗಿಲು ಮಾತಾಡುತ್ತೆ ಅಂದ್ರೆ ಜನ ನಗ್ತಾರೆ. ಜಾಸ್ತಿ ಏನೂ ಮಾತಾಡಲ್ಲ ಬಿಡಿ, ಎರಡೇ ಮಾತು. ಸರಿಯಾಗಿ ಕೂತಿದ್ರೆ ‘ಹೂಂ’ ಅನ್ನುತ್ತೆ. ಇಲ್ಲಾಂದ್ರೆ ‘ಊಹೂಂ’. ನಮ್ಮ ಯಜಮಾನ್ರೂ ಅಷ್ಟೇ ಮಾತಾಡೋದು. ಅದಕ್ಕೇ ನನಗೆ ಈ ಕೆಲಸ ಸುಲಭವಾಗಿ ಹಿಡೀತು.”

ಈ ಎರಡು ಮಾತು ಈಗ ಇಡೀ ವಿಭಾಗದ ಮಾತಾಗಿವೆ. ಗಾಡಿ ಪಾಸಾಯಿತೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. “ಹೂಂ ಅಂತಾ?” ಎನ್ನುತ್ತಾರೆ. ಅವರ ಹೆಸರೂ ಹಾಗೇ ಬಾಗಿಲಕ್ಕ ಎಂದು ನಿಂತುಹೋಗಿದೆ. ಮನೆಗೆ ಬಂದ ಮದುವೆಯ ಕರೆಯೋಲೆಯಲ್ಲೂ ಒಮ್ಮೆ ಹಾಗೇ ಬರೆದಿತ್ತಂತೆ.

ಆದರೆ ಈ ವಾರ ಸಾಲಿನ ಕೊನೆಯ ಆ ಜಾಗಕ್ಕೇ ಕುತ್ತು ಬಂದಿದೆ. ಬಾಗಿಲಕ್ಕನ ಬಲಗಿವಿ ಹೆಚ್ಚುಕಡಿಮೆ ಹೋಗಿದೆ. ಎಡಗಿವಿಯೂ ಮೊದಲಿನಂತಿಲ್ಲ. ಕಿವಿಯ ಬದಲು ಬಾಗಿಲಿಗೆ ಅಂಗೈ ಇಟ್ಟು ಪರೀಕ್ಷಿಸುತ್ತೇನೆ ಎಂದು ಅವರು ಕೇಳಿಕೊಂಡಿದ್ದಾರೆ. ಸರಿ, ಒಂದು ವಾರ ನೋಡೋಣ ಎಂದಿದ್ದಾರೆ ಸೂಪರ್‌ವೈಸರ್. ಆ ವಾರ ಇವತ್ತಿಗೆ ಮುಗಿಯುತ್ತದೆ.

ಬಾಗಿಲಿನ ಜೊತೆ ಅವರ ನಂಟು ಅಪ್ಪನ ಶೆಡ್ಡಿನಿಂದ ಶುರುವಾದದ್ದು. ಅಪ್ಪ ಲಾರಿಗೆ ಬಾಡಿ ಕಟ್ಟುವ ಬಡಗಿ. ಆಗ ಕಾರ್ಖಾನೆಯಿಂದ ಬರುತ್ತಿದ್ದುದು ಎಂಜಿನ್ನು, ಚಕ್ರ, ಮೂಳೆಗೂಡಿನಂಥ ಒಂದು ಚೌಕಟ್ಟು ಮಾತ್ರ. ಚಾಲಕನೇ ಒಂದು ಖಾಲಿ ಡಬ್ಬದ ಮೇಲೆ ಕೂತು, ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಆ ಮೂಳೆಗೂಡನ್ನು ಓಡಿಸಿಕೊಂಡು ಶೆಡ್ಡಿಗೆ ಬರುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಅದಕ್ಕೆ ಮೈಬಂದು, ಮುಖ ಬಂದು, ಬಾಗಿಲು ಬರುತ್ತಿತ್ತು.

“ಒಂದು ಲಾರಿ ಬಾಗಿಲು ಇನ್ನೊಂದಕ್ಕೆ ಆಗ್ತಿರ್ಲಿಲ್ಲ. ಅಣ್ಣ ತಮ್ಮಂದಿರ ಹಾಗೆ, ಹೋಲಿಕೆ ಇರೋದು, ಅಳತೆ ಬೇರೆ. ಚಾಲಕನ ಮೊಣಕೈ ಎಲ್ಲಿಗೆ ಬರುತ್ತೆ ಅಂತ ನೋಡಿ ಅಪ್ಪ ಕಿಟಕಿ ಕೊರೀತಿದ್ರು. ಆ ಚಾಲಕರು ಎಷ್ಟೋ ವರ್ಷ ಆದ್ಮೇಲೂ ಆ ಕಡೆ ಬಂದ್ರೆ ಹಾರನ್ ಹೊಡೆದು ಕೈ ಎತ್ತಿ ಹೋಗೋರು.”

ಬಾಗಿಲು ಕೂರಿಸಿದ ಮೇಲೆ ಅಪ್ಪ ಮಗಳನ್ನು ಎತ್ತಿ ಒಳಗೆ ಕೂರಿಸುತ್ತಿದ್ದರು. ಕಿಟಕಿಗೆ ಗೋಣಿತಾಟು ಇಳಿಬಿಟ್ಟು ಬಾಗಿಲು ಮುಚ್ಚಿ ಹೊರಗಿನಿಂದ ಕೇಳುತ್ತಿದ್ದರು: “ಸಂದಿನಲ್ಲಿ ಬೆಳಕು ಕಾಣುತ್ತಾ ಪುಟ್ಟಿ?” ಕಂಡರೆ ಹೂಂ, ಕಾಣದಿದ್ದರೆ ಊಹೂಂ. ಕೆಲಸ ನಡೆಯುವಾಗ ಅಪ್ಪ ಕಥೆ ಹೇಳುವುದೂ ಇತ್ತು. ಪುಟ್ಟಿ ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಹೂಂಗುಟ್ಟಬೇಕು. ಅವಳ ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ಕೀಸುವುದೂ ನಿಲ್ಲುತ್ತಿತ್ತು. “ನಿದ್ದೆ ಬಂತೇನೋ ರಾಣಿಗೆ” ಎಂದು ಅಪ್ಪ ಹೆಗಲ ಮೇಲಿನ ಬಟ್ಟೆ ಹೊದಿಸುತ್ತಿದ್ದುದು ಅವರಿಗೆ ಚೆನ್ನಾಗಿ ನೆನಪಿದೆ. ನಿದ್ದೆ ಬಂದಿರುತ್ತಿರಲಿಲ್ಲ. ಬಟ್ಟೆ ಹೊದಿಸಲಿ ಎಂದು ಪುಟ್ಟಿ ಸುಮ್ಮನಾಗುತ್ತಿದ್ದಳು, ಅಷ್ಟೇ.

ಆಮೇಲೆ ಕಾರ್ಖಾನೆಗಳೇ ಪೂರ್ತಿ ಗಾಡಿ ಕಟ್ಟಿ ಕಳಿಸಲು ತೊಡಗಿದವು. ಶೆಡ್ಡಿನಲ್ಲಿ ಮೊದಲು ಅಂಟಿನ ಒಲೆ ಆರಿತು, ಆಮೇಲೆ ದೀಪ ಆರಿತು. ಅಪ್ಪ ಯಾರನ್ನೂ ದೂರಲಿಲ್ಲ. ಊರಿಗೆ ಬಂದ ಮೊದಲ ತಗಡಿನ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೊಮ್ಮೆ ಮುಚ್ಚಿ, “ಪರವಾಗಿಲ್ಲ, ಕಲ್ತುಕೋತಾರೆ” ಎಂದರಂತೆ. ಮಗಳು ಬೆಳೆದು ಅಂಥದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದಾಗ ಅವರು ಕೊಟ್ಟ ಬುದ್ಧಿಮಾತು ಒಂದೇ: “ಬಾಗಿಲನ್ನ ಬಡೀಬೇಡ. ಬಡಿದ್ರೆ ಎಲ್ಲ ಬಾಗಿಲೂ ಒಂದೇ ಥರ ಕೂಗುತ್ತೆ.”

ಮೊದಲು ಬಾಗಿಲಿನ ಕೀಲು ಬಿಗಿಯುವ ಕಡೆ ಹಾಕಿದ್ದರು. ಗಾಳಿಯ ಒತ್ತಡದಿಂದ ತಿರುಗುವ, ಬೋಲ್ಟು ಬಿಗಿಯುವ ಯಂತ್ರ ದಿನವಿಡೀ ಬಲಗಿವಿಯ ಪಕ್ಕದಲ್ಲಿ ಕಿರುಚುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡರೆ ಉಳಿದವರು ನಗುತ್ತಿದ್ದ ಕಾಲ ಅದು. ಈಗ ಅಲ್ಲಿ ನಿಲ್ಲುವ ಎಲ್ಲರ ಕಿವಿಗೂ ಮುಚ್ಚಳ ಕೊಡುತ್ತಾರೆ. “ನನ್ನ ಕಿವಿ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರು” ಎಂದು ಅವರು ನಗುತ್ತಾರೆ. ಈಗ ಸಂದಿನ ಅಳತೆಗೆ ಕ್ಯಾಮೆರಾ ಕೂಡ ಬಂದಿದೆ. ಅದರ ಮೇಲೂ ಅವರಿಗೆ ಸಿಟ್ಟಿಲ್ಲ. “ಅದು ನನಗಿಂತ ಚೆನ್ನಾಗಿ ನೋಡುತ್ತೆ. ಪಾಪ, ಕಿವಿ ಇಲ್ಲ ಅಷ್ಟೇ. ನಾವಿಬ್ರೂ ಒಂದೇ ದೋಣೀಲಿ ಇದೀವಿ ಈಗ.”

ಕಿವಿ ಹೋಗುತ್ತಿರುವುದು ಮೊದಲು ಗೊತ್ತಾದದ್ದು ಗಂಡನಿಗೆ. ಒಂದು ಭಾನುವಾರ ಹೊಲಿಗೆ ಯಂತ್ರವನ್ನು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಎಳೆದುಕೊಂಡರು. “ಯಾಕೆ?” ಎಂದರೆ “ಬೆಳಕು” ಎಂದರು. ಎಳೆದುಕೊಂಡ ಗೋಡೆಯ ಕಡೆ ಕಿಟಕಿಯೇ ಇಲ್ಲ. ಅಲ್ಲಿ ಕೂತರೆ ಅವರು ಹೆಂಡತಿಯ ಎಡಗಿವಿಗೆ ಹತ್ತಿರವಾಗುತ್ತಾರೆ ಎಂಬುದು ಬಾಗಿಲಕ್ಕನಿಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಕಾರ್ಖಾನೆಯಲ್ಲಿ ಮಾತ್ರ ಅವರು ಮುಚ್ಚಿಟ್ಟರು. ಕಿವಿ ಮಂದವಾದವರೆಲ್ಲ ಮಾಡುವ ಉಪಾಯವನ್ನೇ ಮಾಡಿದರು. ಯಾರು ಏನೇ ಕೇಳಲಿ, ಮುಖ ನೋಡಿ ನಕ್ಕು “ಹೂಂ” ಎನ್ನುವುದು. ಬೇರೆ ಎಲ್ಲಾದರೂ ಆಗಿದ್ದರೆ ಅದು ನಡೆದೀತು. ‘ಹೂಂ’ ಎಂದರೆ ಗಾಡಿ ಹೊರಡುವ ಜಾಗದಲ್ಲಿ ಎಷ್ಟು ದಿನ ನಡೆದೀತು?

ಗಾಡಿಯ ಎಡಮಗ್ಗುಲಲ್ಲಿ ನಿಲ್ಲುವ ಸಹೋದ್ಯೋಗಿಯನ್ನು ಎಲ್ಲರೂ ಎಡಚ ಎನ್ನುತ್ತಾರೆ. ಅವನು ಎಡಗೈಯವನಲ್ಲ, ಎಡಗಡೆಯವನು. ಎರಡು ಮಕ್ಕಳ ತಂದೆ. ಬಾಗಿಲು ಕೂರಿಸುವುದನ್ನು ಬಾಗಿಲಕ್ಕನಿಂದಲೇ ಕಲಿತವನು. ಎರಡು ವಾರದ ಹಿಂದೆ ಒಂದು ಗಾಡಿಯ ಬಲಬಾಗಿಲಿನ ಮೂಲೆಯಲ್ಲಿ ರಬ್ಬರು ಮಡಚಿಕೊಂಡದ್ದನ್ನು ಬಾಗಿಲಕ್ಕ ಕಂಡು, ಸರಿಮಾಡಲು ರಬ್ಬರಿನ ಸುತ್ತಿಗೆ ತರಲೆಂದು ತಿರುಗಿದರು. ಆ ಕಡೆಯಿಂದ ಎಡಚ “ಬಿಡ್ಲಾ ಅಕ್ಕ?” ಎಂದ. ಅವರಿಗೆ ಕೇಳಿಸಿದ್ದು ಬರೀ “ಅಕ್ಕ”. ಟೀ ಕುಡಿದಿರಾ ಎಂದಿರಬೇಕು ಅಂದುಕೊಂಡು “ಹೂಂ” ಎಂದರು. ಸುತ್ತಿಗೆ ಹಿಡಿದು ಬಂದರೆ ಗಾಡಿ ಇಲ್ಲ.

“ಎಲ್ಲೋ ಅದು?”

“ಹೋಯ್ತಲ್ಲ. ನೀವೇ ಹೂಂ ಅಂದ್ರಿ.”

“ನಾನು ಟೀಗೆ ಅಂದೆ.”

“ನಾನು ಟೀ ಕೇಳ್ಲೇ ಇಲ್ಲ ಅಕ್ಕ.”

ಪಾಳಿ ಮುಗಿದ ಮೇಲೆ ಇಬ್ಬರೂ ಅಂಗಳಕ್ಕೆ ಹೋದರು. ಅಲ್ಲಿ ಬಿಳಿ ಗಾಡಿಗಳ ಸಮುದ್ರ. ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಹೊಳಪು. ಒಂದೊಂದೇ ಬಾಗಿಲು ತೆರೆದು, ಮುಚ್ಚಿ, ಮುಂದಕ್ಕೆ ಹೋಗುತ್ತಿದ್ದರೆ ಕಾವಲುಗಾರ ಬಂದು “ಏನು ಕಳ್ಕೊಂಡ್ರಿ?” ಎಂದ. “ಊಹೂಂ ಅನ್ನೋ ಬಾಗಿಲು” ಎಂದ ಎಡಚ. ಕಾವಲುಗಾರ ಇಬ್ಬರನ್ನೂ ಒಂದು ಗಳಿಗೆ ನೋಡಿ, ತನ್ನ ಕೊಡೆ ತಂದು ಬಾಗಿಲಕ್ಕನ ಕೈಗೆ ಕೊಟ್ಟು ಹೋದ.

ಆ ಬಟಾಬಯಲಲ್ಲಿ ಬಾಗಿಲಕ್ಕನಿಗೆ ಒಂದು ಬಾಗಿಲೂ ಕೇಳಿಸಲಿಲ್ಲ. ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎಡಗೈಯನ್ನು ತಗಡಿನ ಮೇಲೆ ಚಪ್ಪಟೆಯಾಗಿ ಇಟ್ಟು, ಬಲಗೈಯಲ್ಲಿ ಬಾಗಿಲು ತಳ್ಳತೊಡಗಿದರು. ಎಷ್ಟೋ ಸಾಲು ದಾಟಿದ ಮೇಲೆ ಒಂದು ಬಾಗಿಲು ಅಂಗೈಗೆ ಸಣ್ಣಗೆ ಚಿವುಟಿದಂತಾಯಿತು. ಬಗ್ಗಿ ನೋಡಿದರೆ ಅದೇ ಮೂಲೆ, ಅದೇ ಮಡಚಿದ ರಬ್ಬರು. ತಲೆಯೆತ್ತಿದಾಗ ಎಡಚ ಗಾಡಿಯನ್ನಲ್ಲ, ಅವರನ್ನೇ ನೋಡುತ್ತಿದ್ದ.

“ಯಾವಾಗಿಂದ ಅಕ್ಕ?”

ಅವರು ಮತ್ತೆ ಬಗ್ಗಿ ರಬ್ಬರಿನ ಮಡಿಕೆ ಬಿಡಿಸತೊಡಗಿದರು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತೇನೆ, ತಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅನ್ನುತ್ತೇನೆ ಎಂದ ಎಡಚ. “ಕಿವುಡಿ ನಾನು, ಔಷಧಿ ನೀನು ಕುಡೀತೀಯಾ?” ಎಂದು ಗದರಿ, ಬಾಗಿಲಕ್ಕ ಮಾರನೆಯ ಬೆಳಿಗ್ಗೆ ತಾವೇ ಸೂಪರ್‌ವೈಸರ್ ಬಳಿ ಹೋಗಿ ಎಲ್ಲ ಹೇಳಿದರು. ಸೂಪರ್‌ವೈಸರ್ ಕಿವಿ ಡಾಕ್ಟರ ಬಳಿ ಕಳಿಸಿದರು. ಡಾಕ್ಟರರ ಮಾತು ಬಂದ ಮೇಲೆ ಈ ವಾರದ ಏರ್ಪಾಡು ಆಯಿತು. ಬಾಗಿಲಕ್ಕ ಅಂಗೈಯಿಂದ ಹೇಳಬೇಕು. ಎಡಚ ಸುತ್ತು ಹಾಕಿ ಬಂದು ಅದೇ ಬಾಗಿಲನ್ನು ಕಿವಿಯಿಂದ ಕೇಳಬೇಕು. ಎರಡೂ ಒಂದೇ ಆದರೆ ಜಾಗ ಅವರದೇ.

ವಾರವೆಲ್ಲ ಒಂದೇ ಆಗಿದೆ. ದಿನಕ್ಕೆ ನೂರಕ್ಕೂ ಮೇಲೆ ಗಾಡಿ, ಒಂದರಲ್ಲೂ ಭಿನ್ನಾಭಿಪ್ರಾಯವಿಲ್ಲ. ಇವತ್ತು ಬೆಳಿಗ್ಗೆಯೂ ಎಡಚ ಖುಷಿಯಲ್ಲಿದ್ದಾನೆ. “ಅಂಗೈಗೇ ಕಿವಿ ಬಂದಿದೆ ಅಕ್ಕ, ಓಲೆ ಮಾಡಿಸ್ಕೊಳ್ಳಿ.”

“ಮಾಡಿಸ್ತೀನಿ. ಅದೇ ಅಕ್ಕಸಾಲಿಗೆ ಹೇಳಿ ನಿನ್ನ ಬಾಯಿಗೊಂದು ಬೀಗಾನೂ ಮಾಡಿಸ್ತೀನಿ.”

ಊಟದ ಗಂಟೆಗೆ ಇನ್ನೇನು ಹೊತ್ತಿಲ್ಲ ಎನ್ನುವಾಗ ಒಂದು ಗಾಡಿ ಬರುತ್ತದೆ. ಬಾಗಿಲಕ್ಕ ಅಂಗೈ ಇಟ್ಟು ಬಾಗಿಲು ತಳ್ಳುತ್ತಾರೆ. “ಹೂಂ.” ಎಡಚ ಬಂದು ಮುಚ್ಚುತ್ತಾನೆ. ಮತ್ತೊಮ್ಮೆ ಮುಚ್ಚುತ್ತಾನೆ. ಸೂಪರ್‌ವೈಸರ್ ದೂರದಲ್ಲಿ ಬೆನ್ನು ಹಾಕಿ ಯಾರೊಂದಿಗೋ ಮಾತಾಡುತ್ತಿದ್ದಾರೆ. ಎಡಚನ ಮುಖ ಕಾಣುವುದು ಬಾಗಿಲಕ್ಕನಿಗೆ ಮಾತ್ರ. ಹೂಂ ಎಂದುಬಿಟ್ಟರೆ ಇಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ.

“ಏನಂತು?” ಎಂದು ಕೇಳುತ್ತಾರೆ ಅವರು.

ಅವನು ಅವರ ಎಡಗಿವಿಯ ಕಡೆಗೆ ಬಂದು, ಸ್ಪಷ್ಟವಾಗಿ ಕೇಳುವಂತೆ ಹೇಳುತ್ತಾನೆ: “ಊಹೂಂ ಅಕ್ಕ.”

ಬಾಗಿಲಿನ ಒಳಮೈಯ ಹಲಗೆ ಬಿಚ್ಚಿದರೆ, ತಳದಲ್ಲಿ ಒಂದು ಸಣ್ಣ ಸ್ಕ್ರೂ. ಸಾಲಿನಲ್ಲಿ ಹಿಂದೆ ಯಾರದೋ ಕೈಜಾರಿ ಬಿದ್ದದ್ದು, ಬಾಗಿಲು ಮುಚ್ಚಿದಾಗೊಮ್ಮೆ ಕಿಣ್ ಎನ್ನುತ್ತಿದೆ. ಬಾಗಿಲಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡುತ್ತಾರೆ. ಅಕ್ಕಿಕಾಳಿಗಿಂತ ತುಸು ದೊಡ್ಡದು. ಆಮೇಲೆ ತಾವೇ ಹೋಗಿ ಸೂಪರ್‌ವೈಸರನ್ನು ಕರೆತರುತ್ತಾರೆ.

“ಇದು ಕೈಗೆ ಸಿಗೋದಲ್ಲ ಸರ್. ಈ ಜಾಗ ಇವನಿಗೆ ಕೊಡಿ.”

ಸೂಪರ್‌ವೈಸರ್ ಅವರ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಮಾತಾಡುತ್ತಾರೆ. “ಇಡೀ ವಾರದಲ್ಲಿ ಒಂದೇ ಅಲ್ವಾ ಅಕ್ಕ? ಒಂದು ಗಾಡಿಗೆ ಯಾರು ಏನಂತಾರೆ?”

“ನಮಗೆ ನೂರರಲ್ಲಿ ಒಂದು ಸರ್. ತಗೊಳ್ಳೋನಿಗೆ ಇರೋದೇ ಅದೊಂದು. ಅದರಲ್ಲೇ ತರಕಾರಿ ಹೇರ್ತಾನೆ, ಅದರಲ್ಲೇ ಕೂತು ಉಣ್ತಾನೆ, ಹೆಂಡತಿ ಮಕ್ಕಳನ್ನ ಅದರಲ್ಲೇ ಕೂರಿಸ್ಕೊಂಡು ಮದುವೆಗೆ ಹೋಗ್ತಾನೆ. ದಾರಿಯುದ್ದಕ್ಕೂ ಕಿಣ್ ಕಿಣ್ ಅಂತಿದ್ರೆ ಅವನು ಯಾರನ್ನ ಬೈಬೇಕು?”

ಸೂಪರ್‌ವೈಸರ್ ಅವರ ಅಂಗೈಯಿಂದ ಸ್ಕ್ರೂ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ, ಸೋಮವಾರದಿಂದ ಬಾಗಿಲಿಗೆ ರಬ್ಬರು ಕೂರಿಸುವ ಕಡೆ ಬರುತ್ತೀರಾ, ಅಲ್ಲಿ ಬೆರಳು ಬಲ್ಲವರು ಬೇಕು ಎಂದು ಕೇಳುತ್ತಾರೆ. ಬಾಗಿಲಕ್ಕ ಹೂಂ ಎಂದು ತಲೆಯಾಡಿಸುತ್ತಾರೆ. ಟೋಪಿ ತೆಗೆದು ಕೂದಲು ಸರಿಮಾಡಿಕೊಳ್ಳುತ್ತಾರೆ. ಬೇಸರವಿಲ್ಲವೇ ಎಂದು ಸೂಪರ್‌ವೈಸರ್ ಕೇಳಿದರೆ, “ಇದೆ, ಯಾಕಿಲ್ಲ” ಎನ್ನುತ್ತಾರೆ. “ಆದ್ರೆ ನಾನು ಕಲಿಸಿದ್ದು ಅವನಿಗೆ ಬಂದಿದೆ ನೋಡಿ. ನನ್ನ ಮುಖ ನೋಡ್ಕೊಂಡೂ ಅವನು ಸುಳ್ಳು ಹೇಳ್ಲಿಲ್ಲ.”

ಊಟದ ಮನೆಯಲ್ಲಿ ಎಡಚ ಕೊನೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾನೆ. ಎದುರಿಗೆ ಏನೂ ಇಲ್ಲ. ಹಸಿವಿಲ್ಲ ಎಂದು ಪಕ್ಕದವರಿಗೆ ಹೇಳಿದ್ದಾನಂತೆ. ಬಾಗಿಲಕ್ಕ ಸಾಲಿನಲ್ಲಿ ನಿಂತು ತಮ್ಮ ಪಾಲಿನ ಬಿಸಿ ಊಟ ಹಾಕಿಸಿಕೊಳ್ಳುತ್ತಾರೆ. ನೇರವಾಗಿ ಅವನ ಬಳಿಗೆ ಹೋಗಿ ತಟ್ಟೆಯನ್ನು ಅವನ ಮುಂದಿಡುತ್ತಾರೆ. ಚಮಚವನ್ನು ಕೈಗೆಟುಕುವಂತೆ ತಿರುಗಿಸಿ, ಇನ್ನೊಂದು ತಟ್ಟೆಗಾಗಿ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ.