ಮೇಷ್ಟ್ರ ಮನೆಯ ಕರೆಗಂಟೆ

ಇಂಗ್ಲಿಷ್ ಮೇಷ್ಟ್ರು 'ಸ್ಕಿಟಿಶ್' ಎಂಬ ಪದದ ಅರ್ಥ ಹೇಳುವಾಗ ಮಕ್ಕಳು ನಿಘಂಟು ತೆರೆಯುವುದಿಲ್ಲ, ಅವರನ್ನೇ ನೋಡುತ್ತಾರೆ. "ಎಲೆ ಅಲುಗಿದ್ರೂ ಬೆಚ್ಚಿಬೀಳೋ ಕುದುರೆ ಇರುತ್ತಲ್ಲ, ಅದಕ್ಕೆ ಹೇಳೋ ಮಾತು. ಕೆಲವು ಮನುಷ್ಯರಿಗೂ ಹೇಳ್ತಾರೆ," ಎನ್ನುವಷ್ಟರಲ್ಲಿ ಯಾರದೋ ಪೆನ್ಸಿಲ್ ಬಿದ್ದರೆ ಮೇಷ್ಟ್ರ ಕೈಯ ಸೀಮೆಸುಣ್ಣವೂ ಬೀಳುತ್ತದೆ. ಹಗ್ಗ ಕಂಡರೂ ಹಾವೆನ್ನುವ ಜೀವ ಅದು. ಬಾಡಿಗೆ ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ ಹೊರಟವರು, ಬೀದಿಯ ತಿರುವಿನಿಂದ ನಾಲ್ಕನೆಯ ಸಲ ಜಗ್ಗಲು ವಾಪಸು ಬರುತ್ತಾರೆ. ಗಾಳಿ ಕದ ತಟ್ಟಿದರೂ "ಯಾರದು? ಹೆಸರು ಹೇಳಿ!" ಎನ್ನುತ್ತಾರೆ. "ಬೆಲ್ ಮಾತ್ರ ಒತ್ತಬೇಡಿ, ಎದೆ ಧಸಕ್ ಅನ್ನುತ್ತೆ," ಎಂದು ಅಕ್ಕಪಕ್ಕದವರಿಗೆಲ್ಲ ಕೈಮುಗಿದು ಹೇಳಿದ್ದರಿಂದ ಆರು ವರ್ಷಗಳಿಂದ ಅದನ್ನು ಯಾರೂ ಮುಟ್ಟಿಲ್ಲ. ಆದರೆ ಪ್ರತಿ ಭಾನುವಾರ ಸಂಜೆ ಮೇಷ್ಟ್ರು ಹೊರಗೆ ಬಂದು, ಅತ್ತಿತ್ತ ನೋಡಿ, ತಾವೇ ಗುಂಡಿ ಒತ್ತಿ, ತಾವೇ ಬೆಚ್ಚಿ, "ಸದ್ಯ, ಕೆಟ್ಟಿಲ್ಲ," ಎಂದುಕೊಂಡು ಒಳಗೆ ಹೋಗುತ್ತಾರೆ.