ನನಗೆಂದು ಮುಚ್ಚಿಟ್ಟ ನೀರು

ಜಿಲ್ಲೆ ಹೊಸದು, ನನ್ನ ನೌಕರಿಯೂ ಹೊಸದು. ಊರೂರು ತಿರುಗಿ ಕೈಪಂಪುಗಳ ನೀರು ಪರೀಕ್ಷಿಸುವುದು, ಫ್ಲೋರೈಡ್ ಹೆಚ್ಚಿದ್ದರೆ ಪಂಪಿಗೆ ಕೆಂಪು ಬಣ್ಣ ಬಳಿಯುವುದು. ನಳಿಗೆಯಲ್ಲಿ ನೀರು ಹಿಡಿದು ಔಷಧ ಹಾಕುತ್ತಿದ್ದೆ. ಗುಲಾಬಿ ಬಣ್ಣ ಉಳಿದರೆ ಸರಿ. ಹಳದಿಗೆ ತಿರುಗಿತೋ, ಆ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ. ಇಂಥ ಸುದ್ದಿ ತರುವವನು ಯಾರಿಗೆ ತಾನೇ ಬೇಕು? ನನ್ನನ್ನು ಕಂಡರೆ ಸಾಕು, "ಬಣ್ಣದಾಂವ ಬಂದ" ಎಂದು ಕಟ್ಟೆಯ ಮೇಲಿದ್ದವರು ಎದ್ದುಹೋಗುತ್ತಿದ್ದರು.

ಮುಂಡರಗಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಖಾನಾವಳಿಯವನು "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಕೇಳುವುದೇ ನನ್ನ ದಿನದ ಮಾತುಕತೆ. ಇನ್ನೊಮ್ಮೆ ಕೇಳಲಿ ಎಂದು ಕೇಳಿಸದವನಂತೆ ಕೂರುತ್ತಿದ್ದೆ. ಅಷ್ಟು ಒಂಟಿಯಾಗಿದ್ದೆ.

ಡಂಬಳದ ಆಚೆಯ ಒಂದು ಹಳ್ಳಿಯಲ್ಲಿ, ಓಣಿಯ ಪಂಪಿನ ಎದುರಿಗೇ ಒಬ್ಬ ಮುಸಲ್ಮಾನ ಮುದುಕಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಒಬ್ಬಳೇ ಇದ್ದಾಕೆ. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ನನ್ನನ್ನು ಕಂಡು ಆಕೆಯೂ ಎದ್ದಳು, ಆದರೆ ಗೋಡೆ ಹಿಡಿದು ಒಳಗೆ ಹೋಗಿ ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಳು.

ಅದೇ ಪಂಪಿನ ನೀರು ನನ್ನ ನಳಿಗೆಯಲ್ಲಿ ಆಗಷ್ಟೇ ಹಳದಿಯಾಗಿತ್ತು. "ಬ್ಯಾಡ್ರಿ ಅಮ್ಮಾ" ಎಂದು ಚೀಲದಿಂದ ನನ್ನ ಬಾಟಲಿ ತೆಗೆದು ಆಕೆಯ ಎದುರೇ ಗಟಗಟ ಕುಡಿದೆ. ಎಂಥ ಬುದ್ಧಿಗೇಡಿ! ಒಂದು ತಂಬಿಗೆಗೆ ಯಾರ ಕೀಲೂ ಬಿಗಿಯುವುದಿಲ್ಲ ಎಂಬುದು ಆ ಊರಿನಲ್ಲಿ ನನಗಲ್ಲದೆ ಇನ್ನಾರಿಗೆ ಗೊತ್ತಿತ್ತು?

"ನಮ್ಮ ಕೈಯಾಗಿನ ನೀರು ನಡೆಯೂದಿಲ್ಲೇನ್ರಿ ಸಾಹೇಬ್ರ?" ಎಂದಳು ಮೆಲ್ಲಗೆ.

"ಅಯ್ಯ, ಹಂಗಲ್ರಿ. ಈ ಪಂಪಿನ ನೀರ ಛಲೋ ಇಲ್ಲ."

"ಸಕ್ಕರಿಯಂಥಾ ನೀರೈತಿ. ಬ್ಯಾಳಿ ಬೆಣ್ಣಿ ಆದಂಗ ಬೇಯ್ತಾವ. ಇರ್ಲಿ ಬಿಡ್ರಿ, ತಿಳೀತು."

ಏನು ತಿಳಿಯಿತು ಎಂದು ಕೇಳುವ ಅಗತ್ಯವಿರಲಿಲ್ಲ. ನಾಚಿಕೆಯಿಂದ ಬೆನ್ನು ತಿರುಗಿಸಿ ಪಂಪಿಗೆ ಕೆಂಪು ಬಳಿದೆ. ಊರಾಚೆ ಶಾಲೆಯ ಪಂಪಿನ ನೀರು ಒಳ್ಳೆಯದಿತ್ತು, ತುಸು ಸವಳು ಅಷ್ಟೆ. ಹೊರಡುವಾಗ "ಶಾಲಿ ಪಂಪಿನ ನೀರು ಕುಡೀರಿ ಅಮ್ಮಾ. ಎಂಟು ದಿನಕ್ಕ ಮತ್ತ ಬರ್ತೀನಿ. ನಿಮ್ಮ ಮನ್ಯಾಗ ನೀರು ಕುಡದ ಹೋಗ್ತೀನಿ" ಎಂದು ಮಾತು ಕೊಟ್ಟೆ.

ಹೋದದ್ದು ತಿಂಗಳ ಮೇಲೆ. ಶಿರಹಟ್ಟಿಯ ಕಡೆ ಕೆಲಸಕ್ಕೆ ಹಾಕಿದ್ದರು ಎಂಬುದು ನೆಪ. ಖರೆ ಹೇಳಬೇಕೆಂದರೆ, ಆಕೆಯ ಮುಖ ನೋಡುವ ಧೈರ್ಯವಿರಲಿಲ್ಲ.

"ಬರ್ರಿ, ಕುಂಡ್ರಿ" ಎಂದಳು, ನಿನ್ನೆಯಷ್ಟೇ ಹೋಗಿ ಬಂದವನನ್ನು ಕರೆದಂತೆ. ಗೋಡೆ ಹಿಡಿದು ಒಳಗೆ ಹೋಗಿ, ಮೂಲೆಯಲ್ಲಿ ಬಟ್ಟೆ ಕಟ್ಟಿಟ್ಟಿದ್ದ ಸಣ್ಣ ಗಡಿಗೆಯಿಂದ ತಂಬಿಗೆ ತುಂಬಿ ತಂದಳು. "ಶಾಲಿ ಪಂಪಿನ ನೀರ್ರಿ. ಅಂಜಬ್ಯಾಡ್ರಿ, ಕುಡೀರಿ."

ಕುಡಿದೆ. ತಣ್ಣಗಿತ್ತು, ತುಸು ಸವಳು. ಇಡೀ ಜಿಲ್ಲೆಯಲ್ಲಿ ಒಬ್ಬರಾದರೂ ನನ್ನ ಮಾತು ಕೇಳಿದರಲ್ಲ ಎಂದು ಸಂತೋಷಕ್ಕೆ ಕಣ್ಣು ತುಂಬಿತು. "ದಿನಾ ಇದನ್ನ ಕುಡೀತೀರಲ್ರಿ?" ಎಂದೆ.

"ನಾ ಎಲ್ಲಿ ಕುಡೀಲಿ ತಮ್ಮಾ? ಈ ಕಾಲು ಎಳಕೊಂಡು ಇಷ್ಟು ತರೂದರಾಗ ಜೀವ ಹೈರಾಣ ಆಗತೈತಿ. ನನಗ ಇದ ಐತೆಲ್ಲ" ಎಂದು ಕೆಂಪು ಪಂಪಿನ ಕಡೆ ಕೈ ಮಾಡಿದಳು. "ಅದು ನಿನಗಂತ ಇಟ್ಟದ್ದು. ಎಂಟು ದಿನ ಅಂದಿದ್ದಿ. ಎಂಟನೇ ದಿನದಿಂದ ಹಿಡದು ದಿನಾ ಹಳೇದು ಕೋಳಿಗಿ ಹಾಕಿ ಹೊಸಾದು ತಂದಿಡ್ತೀನಿ. ಮನಿಗಿ ಬರೋರ ಪಾಲಿನ ನೀರು ನಾ ಕುಡೀಲೇನು?"

ಮೂರು ವಾರ ಆ ಓಣಿಯಲ್ಲಿ ಒಳ್ಳೆಯ ನೀರು ಕುಡಿದದ್ದು ಆಕೆಯ ಕೋಳಿಗಳು ಮಾತ್ರ. ಅಂಗಳದಲ್ಲಿದ್ದ ಆಕೆಯ ದೊಡ್ಡ ಕೊಡ ಎತ್ತಿಕೊಂಡು ಶಾಲೆಯವರೆಗೆ ನಡೆದೆ, ತುಂಬಿಸಿ ಹೆಗಲ ಮೇಲೆ ಹೊತ್ತು ತಂದಿಟ್ಟೆ. "ಇದು ನಿಮ್ಮ ಪಾಲಿಂದು" ಎಂದೆ. ಆಕೆ ನಕ್ಕು, ನನ್ನೆದುರೇ ಒಂದು ತಂಬಿಗೆ ಕುಡಿದಳು.

ಒಂದು ಕೊಡ ಎಷ್ಟು ದಿನ ಬಂದೀತು? ಮರುದಿನ ನಾನು ಬೇರೊಂದು ಊರಿನಲ್ಲಿ ಇನ್ನೊಂದು ಪಂಪಿಗೆ ಕೆಂಪು ಬಳಿಯುತ್ತಿದ್ದೆ.